ವೀಳ್ಯದ ತಟ್ಟೆ



ಅರ್ಬುದ ರೋಗದ ಮಾತು ಬಂದಾಗ ನಮ್ಮ ಭಕ್ತರು ಕೇಳುವುದುಂಟು: "ಬುದ್ಧೀ, ನಾವು ಮಾಂಸ ತಿನ್ನುವವರಲ್ಲ, ಮದ್ಯ ಮುಟ್ಟುವವರಲ್ಲ, ನಮಗೇಕೆ ಕ್ಯಾನ್ಸರ್ ಬಂದೀತು?" ಸಾತ್ತ್ವಿಕ ಆಹಾರ ಒಳ್ಳೆಯದೇ. ರಾಗಿ, ಜೋಳ, ಬೇಳೆಕಾಳು, ಸೊಪ್ಪು, ಮೈ ಬೆವರುವ ಕಾಯಕ ಇವೆಲ್ಲ ಅಪಾಯವನ್ನು ಕಡಿಮೆ ಮಾಡುತ್ತವೆ. ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದರೆ ಎರಡು ಹೊತ್ತು ಎಲೆಗೆ ಬಡಿಸಿದ್ದನ್ನು ಮಾತ್ರ ಎಣಿಸಿ, ಉಳಿದ ಹೊತ್ತೆಲ್ಲ ದವಡೆಯಲ್ಲಿ ಇಟ್ಟುಕೊಂಡದ್ದನ್ನು ಎಣಿಸದಿದ್ದರೆ ಲೆಕ್ಕ ತಪ್ಪುತ್ತದೆ.

ತಂಬಾಕಿನ ಕೆಡುಕನ್ನು ಎಲ್ಲರೂ ಬಲ್ಲರು. ಗುಟ್ಕಾವನ್ನು ನಮ್ಮ ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿತು. ಬಳಿಕ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದವು. ಎರಡೂ ಕೂಡಿದ್ದು ಮಾತ್ರ ಒಂದೇ ಬಾಯಲ್ಲಿ. ಇನ್ನು "ನಮ್ಮದು ಬರಿಯ ಎಲೆ ಅಡಿಕೆ" ಎನ್ನುವವರೂ ಕೇಳಬೇಕಾದ ಮಾತೊಂದಿದೆ. ತಂಬಾಕಿಲ್ಲದ ತಾಂಬೂಲವೂ, ಬರಿಯ ಅಡಿಕೆಯೂ ಅರ್ಬುದಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಿಳಿಸಿತು. ಬಹುಕಾಲ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಚರ್ಮ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುವುದುಂಟು, ಖಾರ ತಾಳದಾಗುವುದುಂಟು. ಅದು ಮುಂದೆ ಅರ್ಬುದಕ್ಕೆ ತಿರುಗಬಹುದು.

ಇದನ್ನು ಹೇಳುವುದು ನಮಗೂ ಸುಲಭವಲ್ಲ. ಈ ಸಭೆಯಲ್ಲಿ ಅನೇಕರು ಅಡಿಕೆ ತೋಟದವರು. ನಿಮ್ಮ ಮಕ್ಕಳ ವಿದ್ಯೆ, ಮದುವೆ ನಡೆದದ್ದು ಆ ತೋಟದಿಂದ; ಮಠದ ದಾಸೋಹಕ್ಕೆ ಅಕ್ಕಿ ಬಂದದ್ದೂ ಅಲ್ಲಿಂದಲೇ. ನಾವು ಮರವನ್ನು ನಿಂದಿಸುವುದಿಲ್ಲ. ಅದರ ಹಾಳೆ ಊಟದ ತಟ್ಟೆಯಾಗುತ್ತದೆ, ಚೊಗರು ಬಟ್ಟೆಗೆ ಬಣ್ಣವಾಗುತ್ತದೆ, ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದೆ. ಆದರೆ ಅನ್ನ ಕೊಟ್ಟಿತೆಂದು ಸತ್ಯವನ್ನು ಮುಚ್ಚಿಡುವುದು ಗುರುಸ್ಥಾನಕ್ಕೆ ಒಪ್ಪುವ ನಡೆಯಲ್ಲ.

ವೀಳ್ಯ ಕೊಡುವುದು ಮರ್ಯಾದೆ. ಆ ಮರ್ಯಾದೆ ಇರುವುದು ಕೈಯಿಂದ ಕೈಗೆ ಕೊಡುವುದರಲ್ಲಿ, ಜಗಿಯುವುದರಲ್ಲಲ್ಲ. ಕಣ್ಣಿಗೊತ್ತಿಕೊಂಡು ಇಟ್ಟರೆ ಸಾಕು. ಈ ಜಾತ್ರೆಯಿಂದ ದಾಸೋಹದ ಪಂಕ್ತಿಯ ಕೊನೆಗೆ ಅಡಿಕೆಯ ತಟ್ಟೆ ಬರುವುದಿಲ್ಲ. ಸೋಂಪು, ಬಾಳೆಹಣ್ಣು ಬರುತ್ತವೆ. ಮನೆಯ ಹಿರಿಯರೂ ಎಲೆ ಅಡಿಕೆ ತರಲು ಮಕ್ಕಳನ್ನು ಅಂಗಡಿಗೆ ಕಳಿಸಬಾರದು. ತಂದುಕೊಡುವ ಕೈ ನಾಳೆ ತಾನೇ ಹಾಕಿಕೊಳ್ಳಲು ಕಲಿಯುತ್ತದೆ.

ಬಾಯಲ್ಲಿ ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಹರಕೆ ಹೊತ್ತು ಕೂಡಬೇಡಿರಿ. ಮೊದಲು ವೈದ್ಯರಿಗೆ ತೋರಿಸಿರಿ. ಬೇಗ ಗುರುತಿಸಿದರೆ ವಾಸಿಯಾಗುವ ಸಂಭವ ಹೆಚ್ಚು. ಆಶೀರ್ವಾದ ನಾಳೆಯೂ ಸಿಕ್ಕೀತು, ರೋಗ ನಾಳೆಯವರೆಗೆ ಕಾಯುವುದಿಲ್ಲ.

ನಿಮ್ಮ ಸೊಂಟದ ಸಂಚಿಯನ್ನು ಇಂದು ಗದ್ದುಗೆಯ ಮುಂದೆ ಇಟ್ಟು ಹೋಗಿರಿ. ನಾವು ಬೇಡುವ ಕಾಣಿಕೆ ಅಷ್ಟೇ. ಎಲ್ಲರಿಗೂ ಶುಭವಾಗಲಿ.