ಗಾಳಿಯಂತ್ರದ ನೆರೆಹೊರೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಚಿತ್ರದುರ್ಗಕ್ಕೆ ಹೋಗಿಬಂದವರು ಅಲ್ಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿಯೇ ಇರುತ್ತೀರಿ. ದೂರದಿಂದ ಚೆಂದ. ಅದರ ಬುಡದಲ್ಲಿ ಸಂಸಾರ ಮಾಡುವುದು ಬೇರೆ ಮಾತು. ಬಿಸಿಲು ಓರೆಯಾದ ಹೊತ್ತಿನಲ್ಲಿ ರೆಕ್ಕೆಯ ನೆರಳು ಅಂಗಳಕ್ಕೇ ಬರುತ್ತದೆ. ರಾಗಿ ಕೇರುವ ಮೊರದ ಮೇಲೆ ಬೆಳಕು, ಕತ್ತಲೆ, ಮತ್ತೆ ಬೆಳಕು. ರಾತ್ರಿ ಊರು ಮಲಗಿದ ಮೇಲೆ ಸುಂಯ್ ಸುಂಯ್ ಸದ್ದು.

ಈ ಸದ್ದಿಗೆಂದೇ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ, ವಾಸದ ಮನೆಯಿಂದ 500 ಮೀಟರ್ ಒಳಗೆ ಯಂತ್ರ ನಿಲ್ಲಿಸಬಾರದು ಎನ್ನುತ್ತದೆ. ಒಂಟಿ ತೋಟದ ಮನೆಯೂ ಮನೆಯೇ. ಟೇಪು ಹಿಡಿದವರಿಗೆ ಇದು ನೆನಪಿದ್ದರೆ ಸರಿ. ಹೊಗೆಯಿಲ್ಲದ ಕರೆಂಟು ನಮಗೆ ಬೇಕೇ ಬೇಕು. ಆದರೆ ಜಮೀನು ಕೊಟ್ಟವರ ಜೊತೆಗೆ, ಬರೀ ಸದ್ದು ಕೇಳುವ ಪಕ್ಕದವರನ್ನೂ ಮೊದಲೇ ಕೂರಿಸಿ ಮಾತಾಡಬೇಕು.

ಮಾತಾಡಲಾರದ ನೆರೆಯವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿಯಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಯಂತ್ರಗಳಿದ್ದ ಕಡೆ ಬೇಟೆಹಕ್ಕಿಗಳು ಕಡಿಮೆ, ಓತಿಕ್ಯಾತಗಳು ಹೆಚ್ಚು. ಮನುಷ್ಯರು ಹತ್ತಿರ ಬಂದರೂ ಅವು ಬೇಗ ಓಡುತ್ತಿರಲಿಲ್ಲ. ಮೈ ಮಾತ್ರ ಸೊರಗಿತ್ತಂತೆ, ಇದ್ದ ಹುಳುಹುಪ್ಪಟೆಗೆ ಬಾಯಿಗಳು ಜಾಸ್ತಿಯಾಗಿದ್ದವಲ್ಲ!