ಹೆಜ್ಜೆ ಓದುವ ವಿದ್ಯೆ

ನಲವತ್ತು ದಾಟಿದ ಗೃಹಸ್ಥನೊಬ್ಬ ಹೆಗಲಿಗೆ ಚೀಲ ಏರಿಸಿ, "ಯಾರ ಕಣ್ಣಿಗೂ ಬೀಳದ ಪ್ರಾಣಿಯೊಂದನ್ನು ಹುಡುಕಲು ಹೊರಟಿದ್ದೇನೆ" ಎಂದರೆ ಮನೆಯವರು ಏನು ಮಾಡಿಯಾರು? ನಮ್ಮ ಕಡೆಯಾದರೆ ಮೊದಲು ನಿಂಬೆಹಣ್ಣು ನಿವಾಳಿಸಿಯಾರು. ಅಮೆರಿಕದಲ್ಲಿ ಮಾತ್ರ ಅಂಥವರು ಬಹಳ ಮಂದಿ ಉಂಟು. 1958ರಲ್ಲಿ ಕ್ಯಾಲಿಫೋರ್ನಿಯದ ಬ್ಲಫ್ ಕ್ರೀಕ್ ಎಂಬಲ್ಲಿ ಕಾಡಿನ ರಸ್ತೆ ಮಾಡುತ್ತಿದ್ದ ಕೆಲಸಗಾರರಿಗೆ ಮಣ್ಣಿನಲ್ಲಿ ಭಾರಿ ಹೆಜ್ಜೆಗಳು ಕಂಡವು. ಪತ್ರಿಕೆಗಳು ಆ ಹೆಜ್ಜೆಯ ಒಡೆಯನಿಗೆ 'ಬಿಗ್‌ಫುಟ್', ಎಂದರೆ ದೊಡ್ಡ ಪಾದದವನು, ಎಂದು ನಾಮಕರಣ ಮಾಡಿದವು. ಅವನನ್ನು ಕಾಣಬೇಕೆಂದು ಪಟ್ಟಣದ ಜನ ನಡುವಯಸ್ಸಿನಲ್ಲಿ ಡೇರೆ ಹಾಕುವುದನ್ನೂ ದಿಕ್ಸೂಚಿ ನೋಡುವುದನ್ನೂ ಹೊಸದಾಗಿ ಕಲಿಯುತ್ತಾರೆ. ಪ್ರಾಣಿ ಇನ್ನೂ ಸಿಕ್ಕಿಲ್ಲ. ಆ ರಸ್ತೆಯ ಗುತ್ತಿಗೆದಾರ ರೇ ವಾಲೇಸ್ 2002ರಲ್ಲಿ ತೀರಿಕೊಂಡಾಗ ಅವನ ಮನೆಯವರು ಮರದಲ್ಲಿ ಕೆತ್ತಿದ ಎರಡು ದೊಡ್ಡ ಪಾದಗಳನ್ನು ಹೊರತೆಗೆದು ತೋರಿಸಿದರು!

ಇದನ್ನು ಓದಿ ನಾನೂ ನಕ್ಕಿದ್ದೆ. ಆ ನಗು ಎಲ್ಲಿಯವರೆಗೆ ನಿಂತಿತೆಂದರೆ, ಹೆಗ್ಗಡದೇವನಕೋಟೆಯ ಕಡೆ ಕಾಡಂಚಿನ ಕೆರೆಯೊಂದರ ಕೆಸರಿನಲ್ಲಿ ಬರಿಗಾಲಿನ ಹೆಜ್ಜೆಯೊಂದನ್ನು ನಾನೇ ಕಾಣುವವರೆಗೆ. ಹಿಮ್ಮಡಿ, ಅಂಗಾಲು, ಐದು ಬೆರಳು, ಎಲ್ಲ ಮನುಷ್ಯನದೇ. ಆದರೆ ಅಗಲ ಹೆಚ್ಚು, ಆಳವೂ ಹೆಚ್ಚು. ಎದೆ ಹೊಡೆದುಕೊಂಡಿತು. ಜೊತೆಗಿದ್ದ ಜೇನುಕುರುಬ ಹಿರಿಯರು ಕುಕ್ಕರಗಾಲಿನಲ್ಲಿ ಕೂತು ನೋಡಿದರು. "ಇದು ಮನ್ಸಂದಲ್ಲ ಸ್ವಾಮಿ, ಕರಡೀದು. ಬೆಳ್ಳು ಐದೂ ಒಂದೇ ಸಾಲಾಗಿ ಅವೆ ನೋಡಿ. ಮುಂದ್ಕೆ ಉಗುರು ಕೊರ್ದದೆ" ಎಂದರು. ಹಾಗೆಂದು ಅವರು ನೋಡಿದ್ದು ಹೆಜ್ಜೆಯನ್ನಲ್ಲ, ಎದುರಿನ ಪೊದೆಯನ್ನು. ಕರಡಿ ಇನ್ನೂ ಹತ್ತಿರದಲ್ಲಿದ್ದರೆ ನಮ್ಮ ಗತಿ ಏನೆಂಬುದು ಅವರ ಯೋಚನೆ. ನನಗೆ ಆ ಯೋಚನೆಯೇ ಬಂದಿರಲಿಲ್ಲ.

ಕರಡಿಯ ಹಿಂಗಾಲು ನಮ್ಮಂತೆಯೇ ಅಂಗಾಲೂರಿ ನಡೆಯುವ ಕಾಲು. ಮುಂಗಾಲು ಊರಿದ ಗುರುತಿನ ಮೇಲೆಯೇ ಹಿಂಗಾಲು ಬಿದ್ದರೆ ಎರಡೂ ಕೂಡಿ ಒಂದು ರಾಕ್ಷಸ ಪಾದವಾಗುತ್ತದೆ. ಹಿಮಾಲಯದ ಯೇತಿಯ ಕಥೆಯೂ ಬಹುಮಟ್ಟಿಗೆ ಇದೇ. ಯೇತಿಯದೆಂದು ಕಾಪಾಡಿಟ್ಟಿದ್ದ ಕೂದಲು, ಚರ್ಮ, ಮೂಳೆ ಮುಂತಾದ ಒಂಬತ್ತು ಮಾದರಿಗಳ ವಂಶಧಾತುವನ್ನು 2017ರಲ್ಲಿ ವಿಜ್ಞಾನಿಗಳು ಪರೀಕ್ಷಿಸಿದರು. ಎಂಟು ಕರಡಿಯವು, ಒಂದು ನಾಯಿಯದು!

ತಪ್ಪು ಓದುವುದು ಹವ್ಯಾಸಿಗಳ ಪಾಲಿಗೆ ಮಾತ್ರ ಬಂದದ್ದೆಂದು ತಿಳಿಯಬೇಡಿ. 1972ರಿಂದ ನಮ್ಮ ದೇಶದ ಹುಲಿಗಳನ್ನು ಎಣಿಸುತ್ತಿದ್ದುದು ಹೆಜ್ಜೆಯ ಗುರುತಿನಿಂದಲೇ. ಗಾಜಿನ ಮೇಲೆ ಹೆಜ್ಜೆಯ ಅಂಚನ್ನು ಬರೆದುಕೊಂಡು 'ಇದು ಇಂಥ ಹುಲಿಯದು' ಎಂದು ನಿರ್ಣಯಿಸುವುದು. ಒಂದೇ ಹುಲಿ ಮರಳಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆ ಹೆಜ್ಜೆ ಇಟ್ಟರೆ ಲೆಕ್ಕ ಏನಾದೀತು? ರಾಜಸ್ಥಾನದ ಸರಿಸ್ಕದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರ ವೇಳೆಗೆ ಕಾಡಿನಲ್ಲಿ ಒಂದೂ ಉಳಿದಿಲ್ಲವೆಂದು ಬಯಲಾಯಿತು.

ಇದಕ್ಕೆ ಬೇರೆ ದಾರಿ ತೋರಿದ್ದು ನಮ್ಮ ನಾಗರಹೊಳೆಯೇ. ಡಾ. ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಓದಿ, ಕೃಷಿಯನ್ನೂ ಮಾಡಿ, ಆಮೇಲೆ ವನ್ಯಜೀವಿ ವಿಜ್ಞಾನ ಕಲಿತವರು. ಹುಲಿಯ ಮೈಪಟ್ಟೆ ನಮ್ಮ ಹೆಬ್ಬೆರಳ ಗುರುತಿನಂತೆ; ಒಂದರಂತೆ ಇನ್ನೊಂದಿಲ್ಲ. ಹುಲಿ ನಡೆಯುವ ದಾರಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಕಟ್ಟಿ, ಆ ಚಿತ್ರಗಳಿಂದ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ಅವರು 1995ರಲ್ಲಿ ಪ್ರಕಟಿಸಿದರು. ಹಾಗಾದರೆ ಹೆಜ್ಜೆ ಓದುವ ವಿದ್ಯೆ ಮೂಲೆಗೆ ಬಿತ್ತೆ? ಇಲ್ಲ. ಕ್ಯಾಮರಾವನ್ನು ಯಾವ ಮರಕ್ಕೆ ಕಟ್ಟಬೇಕೆಂದು ಹೇಳುವುದು ಹೆಜ್ಜೆಯೇ ಅಲ್ಲವೆ?

ಆ ವಿದ್ಯೆ ಚಿಕ್ಕಂದಿನಿಂದ ಬಂದವರು ಯಾರು? ಜೇನುಕುರುಬರು. ಅವರಲ್ಲಿ ಅನೇಕರು ಈಗ ಕಾಡಿನ ಹೊರಗೆ, ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಅಜ್ಜನೊಡನೆ ಜೇನಿಗೆ ಹೋಗದ ಮೊಮ್ಮಗ ಕಡವೆಯ ಗೊರಸನ್ನು ಎಲ್ಲಿ ಕಂಡಾನು? ನಾವು ಪಟ್ಟಣದವರು ನಡುವಯಸ್ಸಿನಲ್ಲಿ ಶೋಕಿಗೆ ಕಲಿಯಹೊರಟಿರುವುದನ್ನು ಅವರ ಮಕ್ಕಳು ಮರೆಯುತ್ತಿದ್ದಾರೆ. ಇದು ನನಗೆ ಸರಿ ಕಾಣುವುದಿಲ್ಲ. ಕಲಿಯಬೇಕೆನ್ನುವವರು ಅವರನ್ನು ಗುರುವೆಂದು ಕಂಡು, ಗುರುವಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಕಲಿಯಿರಿ.

ಹುಲಿಗಾಡಿನೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. 1972ರ ಕಾನೂನು ಬಿಡದು, ಆನೆಯೂ ಬಿಡದು. ಅದಕ್ಕೇನು? ಹುಣಸೂರಿನವರಿಗೆ ಲಕ್ಷ್ಮಣತೀರ್ಥದ ದಡವಿದೆ. ಕೃಷ್ಣರಾಜನಗರದವರಿಗೆ ಚುಂಚನಕಟ್ಟೆಯ ಕಡೆ ಕಾವೇರಿಯ ಮರಳಿದೆ. ಪಿರಿಯಾಪಟ್ಟಣದವರಿಗೆ ಬೆಟ್ಟದಪುರದ ಬೆಟ್ಟದ ಬುಡವಿದೆ. ಮುಂಗುಸಿ, ನರಿ, ನವಿಲು, ಊರ ನಾಯಿ ಇವೇ ಮೊದಲ ಪಾಠ.

ನಾಯಿಯ ಹೆಜ್ಜೆಯನ್ನು ಮೊದಲು ಚೆನ್ನಾಗಿ ಕಲಿಯಿರಿ ಎಂದು ಒತ್ತಿ ಹೇಳುತ್ತೇನೆ. ಕಬ್ಬಿನ ಗದ್ದೆಯ ಬದುವಿನಲ್ಲಿ ಗುರುತು ಕಂಡು 'ಚಿರತೆ, ಚಿರತೆ' ಎಂದು ಊರೇ ದೊಣ್ಣೆ ಹಿಡಿದು ಓಡಿದರೆ ನಾಯಿಗೂ ಕೇಡು, ಮನುಷ್ಯನಿಗೂ ಕೇಡು. ನಿಜವಾಗಿಯೂ ಚಿರತೆಯಾಗಿದ್ದರಂತೂ ಕೇಳಬೇಕೆ! ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ. ಚಿರತೆ ನಡೆಯುವಾಗ ಉಗುರನ್ನು ಒಳಗೆ ಸೆಳೆದುಕೊಂಡಿರುತ್ತದೆ. ಅದರ ಅಂಗಾಲ ಮೆತ್ತೆಯ ಹಿಂದಿನ ಅಂಚು ಮೂರು ಉಬ್ಬಾಗಿ ಕಾಣುತ್ತದೆ. ಆನೆಯದಾದರೆ ಒಂದು ಸೊಗಸಾದ ಲೆಕ್ಕವಿದೆ. ಮುಂಗಾಲ ಹೆಜ್ಜೆಯ ಸುತ್ತ ದಾರ ಹಿಡಿದು ಅಳೆದು, ಅದನ್ನು ಎರಡರಷ್ಟು ಮಾಡಿದರೆ ಹೆಚ್ಚುಕಡಮೆ ಭುಜದವರೆಗಿನ ಎತ್ತರ ಸಿಗುತ್ತದೆ. ಆನೆ ಹೋದ ಮೇಲೆ ಅಳೆಯಬೇಕು, ಅಷ್ಟೆ.

ಬೇಕಾದ ಸಾಮಾನು ಒಂದು ಮೊಳಗೋಲು, ಒಂದು ದಾರದುಂಡೆ, ಒಂದು ಪುಸ್ತಕ, ಪೆನ್ಸಿಲು. ಸೂರ್ಯ ಏರುವ ಮುಂಚೆ ಹೊರಡಿ. ಹೆಜ್ಜೆ ನಿಮಗೂ ಸೂರ್ಯನಿಗೂ ನಡುವೆ ಇರುವಂತೆ ನಿಂತು ನೋಡಿದರೆ ಗುಳಿಯೊಳಗೆ ನೆರಳು ಬಿದ್ದು ಬೆರಳು ಬೆರಳೂ ಎದ್ದು ಕಾಣುತ್ತದೆ. ಒಂಬತ್ತು ಗಂಟೆಯಾಯಿತೆಂದರೆ ಆ ನೆರಳು ತೆಳ್ಳಗಾಗಿ, ಕಂಡದ್ದೂ ಕಾಣದಂತಾಗುತ್ತದೆ.