ಸಂದೇಹವೂ ಶ್ರದ್ಧೆಯೂ

ಸಂದೇಹವು ಶ್ರದ್ಧೆಗೆ ಶತ್ರುವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಳಸದಂಥ ಊರಿನಲ್ಲಿ ಈ ಭಾವನೆ ಇನ್ನಷ್ಟು ಬಲವಾಗುವುದು ಸಹಜವೇ. ಭದ್ರೆಯ ತೀರದ ಆ ಊರಿನಲ್ಲಿ ಕಳಸೇಶ್ವರನ ಗುಡಿಯಿದೆ. ಸಮೀಪದ ಅಂಬಾತೀರ್ಥದಲ್ಲಿ ಹಿರಿದಾದ ಬಂಡೆಯೊಂದಿದ್ದು, ಮಧ್ವಾಚಾರ್ಯರು ಅದನ್ನು ಒಂದೇ ಕೈಯಿಂದ ತಂದಿರಿಸಿದರೆಂದು ಅದರ ಮೇಲಣ ಬರಹ ಹೇಳುತ್ತದೆ. ಸುತ್ತಲೂ ಭಕ್ತಿ ಇಷ್ಟು ಗಟ್ಟಿಯಾಗಿ ನಿಂತಿರುವೆಡೆಯಲ್ಲಿ, ಕಾಫಿ ತೋಟಗಳ ನಡುವೆ ಬಾಳುವ ಕ್ರೈಸ್ತ ಮನೆಯ ತರುಣನೊಬ್ಬನು ತನಗೆ ಪ್ರಾರ್ಥನೆಯಲ್ಲಿ ನಂಬಿಕೆ ಉಳಿದಿಲ್ಲವೆಂದು ಬಾಯಿಬಿಟ್ಟು ಹೇಳುವುದು ಸುಲಭವೇ? ಮನೆಯಲ್ಲಿ ಎಳೆಯ ತಮ್ಮನೊಬ್ಬನು ತೀರಿಕೊಂಡಿರಬಹುದು. ಕಾಲೇಜಿನ ಓದು ಹೊಸ ಪ್ರಶ್ನೆಗಳನ್ನೆಬ್ಬಿಸಿರಬಹುದು. ಅವನು ಭಾನುವಾರ ತಪ್ಪದೆ ಇಗರ್ಜಿಗೆ ಹೋಗುತ್ತಾನೆ. ಒಳಗೆ ಮಾತ್ರ ಬರಿದಾಗುತ್ತಾನೆ. ನಾವು ಅಂಜಬೇಕಾದುದು ಈ ಮೌನಕ್ಕಲ್ಲದೆ ಸಂದೇಹಕ್ಕಲ್ಲ.

ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯವನ್ನು ನೋಡೋಣ. ಕ್ರಿಸ್ತನ ಗಾಯಗಳನ್ನು ಮುಟ್ಟಿಯಲ್ಲದೆ ನಂಬಲಾರೆನೆಂದು ತೋಮನು ಸ್ಪಷ್ಟವಾಗಿ ನುಡಿದನು. ಉಳಿದ ಶಿಷ್ಯರು ಅವನನ್ನು ಹೊರಗಟ್ಟಲಿಲ್ಲ. ಅವನೂ ಅವರನ್ನು ತೊರೆಯಲಿಲ್ಲ. ಎಂಟು ದಿನಗಳಾದ ಮೇಲೆ ಅವನಿಗೆ ದರ್ಶನವಾದುದು ಆ ಕೂಟದ ನಡುವೆಯೇ. ಮಾರ್ಕನ 9ನೆಯ ಅಧ್ಯಾಯದಲ್ಲಿ ರೋಗಪೀಡಿತ ಬಾಲಕನ ತಂದೆಯು ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡನು. ಅವನ ಮೊರೆಯನ್ನು ಯೇಸು ತಳ್ಳಿಹಾಕಲಿಲ್ಲ.

ಘಟ್ಟದ ಕೆಳಗಣ ಮಂಗಳೂರಿನಲ್ಲಿ ಇದಕ್ಕೆ ನಮ್ಮವರದೇ ನಿದರ್ಶನವೊಂದುಂಟು. 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯರು, ಬಾಸೆಲ್ ಮಿಷನ್ನಿನ ಮೋಗ್ಲಿಂಗರಲ್ಲಿ ಓದಿ, 1844ರಲ್ಲಿ ಕ್ರೈಸ್ತರಾದರು. ಪತ್ನಿ ಅವರ ಜತೆಗೆ ಬರಲೊಪ್ಪಲಿಲ್ಲ. ದೀಕ್ಷೆ ಒಂದು ದಿನದ್ದು. ಅದಕ್ಕೆ ತೆತ್ತ ಬೆಲೆ ಬಾಳಿನುದ್ದಕ್ಕೂ ಇರುವಂಥದು. ಅವರು ಬಾಸೆಲಿಗೆ ಹೋಗಿ ವರ್ಷಗಟ್ಟಲೆ ವ್ಯಾಸಂಗ ಮಾಡಿ, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿ, ಬೋಧನೆಯ ಕೆಲಸದಲ್ಲಿ ತೊಡಗಿದರು. ಒಮ್ಮೆ ಕೈಗೊಂಡ ನಿಶ್ಚಯಕ್ಕೆ ಓದು, ಸಹವಾಸ, ದುಡಿಮೆಗಳು ಬೇರು ಕೊಡಬೇಕಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಕಳಸದ ಬೆಳೆಗಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಹೂಮಳೆ ಬಿದ್ದು, ಒಂದು ವಾರ ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ ಕಂಪು ಸೂಸುತ್ತದೆ. ಆದರೆ ಹೂವೇ ಫಸಲಲ್ಲವಷ್ಟೆ! ಅನಂತರ ಮತ್ತೊಂದು ಮಳೆ ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ಹಣ್ಣು ಕೈಗೆ ಬರುವುದಕ್ಕೆ ತಿಂಗಳುಗಳೇ ಬೇಕು. ಮೊದಲ ಭಕ್ತಿಯ ಕಂಪು ಆರಿದೊಡನೆ ಗಿಡವೇ ಸತ್ತಿತೆಂದು ತಿಳಿಯುವುದು ಸರಿಯಲ್ಲ.

ಆದುದರಿಂದ ಸಂದೇಹಪಡುವವನನ್ನು ಗದರಿಸದೆ ಆತನ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳೋಣ. ಸತ್ತ ಮಗುವಿನ ವಿಷಯದಲ್ಲಿ ಅವಸರದ ಸಮಾಧಾನವನ್ನು ಹೇಳದಿರೋಣ. ಜತೆಯಲ್ಲಿ ಕುಳಿತರೂ ಸಾಕು. ಸಂದೇಹವು ನಮ್ಮದೇ ಆದಾಗ ಅದನ್ನು ಪ್ರಾರ್ಥನೆಯಿಂದ ಹೊರಗಿಡದೆ ಪ್ರಾರ್ಥನೆಯೊಳಕ್ಕೇ ಒಯ್ಯೋಣ; ನೆರೆಯವನ ಸೇವೆಯನ್ನು ಮಾತ್ರ ನಿಲ್ಲಿಸದಿರೋಣ. ಉತ್ತರ ತಡವಾಗಬಹುದು. ಆದರೆ ತೋಮನಂತೆ ಕೂಟವನ್ನು ಬಿಡದೆ ಕಾದವನಿಗೆ ಆ ತಡವೂ ವ್ಯರ್ಥವಾಗಲಾರದು.